ಗುಡಾಣಕ್ಕೊಂದು ಮುಚ್ಚಳ

ಆಸ್ಪತ್ರೆಯ ಗುಡಾಣದ ಮುಚ್ಚಳ ಒಡೆಯಿತು ಅನ್ನುವ ಸುದ್ದಿ ಕುಂಬಾರರ ಬೀದಿಯನ್ನು ಮುಟ್ಟುವ ಹೊತ್ತಿಗೆ, ಗುಡಾಣವೇ ಒಡೆದು ರೋಗಿಗಳ ಚಪ್ಪಲಿಗಳೆಲ್ಲ ನೀರಲ್ಲಿ ತೇಲಿಹೋದವು ಅನ್ನುವಷ್ಟು ಉಬ್ಬಿತ್ತು. ಸುದ್ದಿಯೂ ಹಸಿಮಣ್ಣಿನ ಹಾಗೆ; ಕೈಯಿಂದ ಕೈಗೆ ಹೋದಷ್ಟೂ ಆಕಾರ ಬದಲಾಗುತ್ತದೆ. ಆ ಬೀದಿಯ ಕೊನೆಯ ಮನೆಯ ಸೊಸೆ ತಿರುಗುತ್ತಿದ್ದ ತಿಗರಿಯ ಮೇಲೆ ಅರ್ಧ ಎದ್ದಿದ್ದ ಗಡಿಗೆಯನ್ನು ಹಾಗೇ ಬಿಟ್ಟು, ಮೊಣಕೈವರೆಗೆ ಮೆತ್ತಿದ್ದ ಕೆಸರಿನಲ್ಲೇ ಓಡಿದಳು.

ಗುಡಾಣ ನಿಂತಿತ್ತು. ಸೊಂಟದೆತ್ತರದ, ತುಂಬು ಹೊಟ್ಟೆಯ, ಇಟ್ಟಿಗೆ ಬಣ್ಣ ಮಾಸಿ ಜೇನಿನ ಬಣ್ಣಕ್ಕೆ ತಿರುಗಿದ್ದ ಆ ನೀರಿನ ಗುಡಾಣ, ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲಿ, ಸಿಮೆಂಟಿನ ಕಟ್ಟೆಯೊಳಗೆ ಬುಡ ಹೂತುಕೊಂಡು, ತನಗೇನೂ ಗೊತ್ತಿಲ್ಲ ಅನ್ನುವವರ ಹಾಗೆ ನಿಂತಿತ್ತು. ನೆಲದ ಮೇಲೆ ಮುಚ್ಚಳದ ಚೂರುಗಳು. ಆಯಾ ಅವನ್ನು ಗುಡಿಸಿ ಗುಡ್ಡೆ ಮಾಡುತ್ತಿದ್ದಳು.

"ನಾನೇನೂ ಮಾಡಿಲ್ಲ ತಾಯಿ. ಒರೆಸೋಣ ಅಂತ ಎತ್ತಿದೆ. ಅದೇ ಜಾರ್ಕೊಂಡು ಹೋಯ್ತು."

"ಇಷ್ಟು ವರ್ಷ ಜಾರದೆ ಇದ್ದದ್ದು ಇವತ್ತು ಜಾರ್ತಾ?"

"ಇಷ್ಟು ವರ್ಷ ನಾನು ಒರೆಸಿರಲಿಲ್ಲ," ಅಂದಳು ಆಯಾ, ತಲೆ ತಗ್ಗಿಸಿ.

ಒಳಗಿನಿಂದ ಡಾಕ್ಟರಮ್ಮ ಬಂದರು. ಅವರು ಕೆಟ್ಟವರಲ್ಲ, ಕೆಲಸ ಜಾಸ್ತಿ ಇದ್ದವರು. "ಮುಚ್ಚಳ ಇಲ್ಲದ ನೀರನ್ನ ರೋಗಿಗಳಿಗೆ ಕೊಡೋಕಾಗಲ್ಲಮ್ಮ. ಹೇಗೂ ನಲ್ಲಿ ಇರೋ ಸ್ಟೀಲ್ ಡ್ರಮ್ಮು ಬರ್ತಾ ಇದೆ. ತಿಂಗಳ ಕೊನೆಗೆ ಗೋಡೆಗೆ ಸುಣ್ಣ ಹೊಡೆಸ್ತೀವಿ, ಅವತ್ತೇ ಅದನ್ನ ಇಟ್ಟುಬಿಡೋಣ ಅಂತ. ಗುಡಾಣನ ಬಾಗಿಲ ಮುಂದೆ ಇಟ್ಟು ಹೂವಿನ ಗಿಡ ಹಾಕಿದ್ರೆ ಎಷ್ಟು ಚೆನ್ನಾಗಿರುತ್ತೆ! ಕಲಾಕೃತಿ ಅಲ್ವಾ ಇದು?"

"ಗಿಡ ಹಾಕಬೇಕಂದ್ರೆ ತಳಕ್ಕೆ ತೂತು ಕೊರೀಬೇಕು, ಡಾಕ್ಟರಮ್ಮ."

"ಹೌದು. ಒಂದೇ ಒಂದು ತೂತು."

ಒಂದೇ ಒಂದು ತೂತು! ಸೊಸೆಗೆ ತನ್ನ ಹೊಟ್ಟೆಗೇ ಯಾರೋ ಬೆರಳಿಟ್ಟ ಹಾಗಾಯಿತು. "ಅಷ್ಟರೊಳಗೆ ನಾನು ಮುಚ್ಚಳ ಮಾಡಿಕೊಟ್ರೆ?"

"ಸರಿಯಾಗಿ ಕೂತ್ರೆ ನನಗೇನಮ್ಮ? ಆ ತಣ್ಣೀರು ನಾನೂ ಕುಡಿಯೋಳೇ. ಆದ್ರೆ ಹಲ್ಲಿ, ಜಿರಳೆ ತೂರಬಾರದು. ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಹೇರೋ ಹಾಗಿದ್ರೆ ಬೇಡ."

ಹಾಗೆ ಗಡುವು ಬಿತ್ತು. ತಿಂಗಳ ಮೂರನೆಯ ದಿನ ಅದು. ಮಣ್ಣಿನ ಲೆಕ್ಕದಲ್ಲಿ ಇಪ್ಪತ್ತೇಳು ದಿನ ಅಂದರೆ ಹೆಚ್ಚೇನಲ್ಲ. ಮನುಷ್ಯ ಅವಸರ ಮಾಡಬಹುದು. ಮಣ್ಣು ತಾನು ಒಣಗುವಷ್ಟು ಹೊತ್ತು ಒಣಗಿಯೇ ಒಣಗುತ್ತದೆ.

ಒಂದು ಮುಚ್ಚಳಕ್ಕೆ ಇಷ್ಟು ಯಾಕೆ ಅಂದರೆ, ಆ ಗುಡಾಣ ಅವಳ ಮಾವ ಮಾಡಿದ್ದು. ಮಾವ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರು ಮಾಡಿದ ಗುಡಾಣಗಳು ಒಂದು ಕಾಲಕ್ಕೆ ಮನೆಮನೆಯಲ್ಲೂ ಇದ್ದವು. ಬಳಸಿದ ಮಡಕೆ ಒಡೆಯುತ್ತದೆ, ಅದು ಅದರ ಧರ್ಮ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಊರವರು ಅಂದರೆ ಮಾವ ನಗುತ್ತಿದ್ದರು. "ಒಡೀಲಿ ಬಿಡಿ. ಒಡೆಯದ ಮಡಕೆ ಅಂದ್ರೆ ಕೆಲಸ ಮಾಡದ ಮಡಕೆ." ಹಾಗೆ ಒಂದೊಂದಾಗಿ ಎಲ್ಲ ಹೋಗಿ, ನೀರು ತುಂಬಿಕೊಂಡು ಇನ್ನೂ ಕೆಲಸದಲ್ಲಿದ್ದದ್ದು ಇದೊಂದೇ.

ಅವಳು ಹುಟ್ಟಿನಿಂದ ಕುಂಬಾರತಿಯಲ್ಲ. ದರ್ಜಿಯ ಮಗಳು. ಸೂಜಿ ದಾರ ಹಿಡಿದು ಬಂದವಳ ಕೈಗೆ ಮಣ್ಣು ಹಚ್ಚಿದವರು ಮಾವ. ಗುಡಾಣ ಖಾಲಿ ಮಾಡಿ ತೊಳೆಯುವ ದಿನ ಪಾಠಕ್ಕೆ ಅವಳನ್ನು ಅದರ ಹತ್ತಿರವೇ ಕರೆತರುತ್ತಿದ್ದರು. "ತೋಳು ಮಡಚು. ಒಳಗೆ ಕೈ ಹಾಕು. ಕಣ್ಣು ಮುಚ್ಚು. ಹೊರಗಿನಿಂದ ಎಲ್ಲರೂ ನೋಡ್ತಾರೆ, ಕುಂಬಾರ ಒಳಗಿನಿಂದ ನೋಡಬೇಕು." ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಉಸಿರು ಬಿಟ್ಟಿದ್ದಾರೆ, ಎಲ್ಲಿ ಹಿಡಿದಿದ್ದಾರೆ, ಅದೆಲ್ಲ ಅವಳು ಓದಿದ್ದು ಆ ಹೊಟ್ಟೆಯೊಳಗೆ.

ಇನ್ನೂ ಒಂದು ವಿಷಯ ಅವಳು ಅಲ್ಲಿಂದ ಕಲಿತಿದ್ದಳು, ಅದು ಮಾವ ಕಲಿಸಿದ್ದಲ್ಲ. ಗುಡಾಣದ ಕೊರಳಿನ ಒಂದು ಪಕ್ಕಕ್ಕೆ, ಅಂಗೈ ಅಗಲದಲ್ಲಿ, ಎಳೆ ಮೇಲೆ ಎಳೆ ಹಾಯ್ದ ನೇಯ್ಗೆಯ ಗುರುತಿತ್ತು. ದರ್ಜಿಯ ಮಗಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಮಾವ ಮಣ್ಣು ತುಳಿಯುವಾಗ ಹೇಳುತ್ತಿದ್ದ ಕತೆ ನೆನಪಾಗಿ ಅವಳು ಅದಕ್ಕೊಂದು ಅರ್ಥವನ್ನೂ ಕಟ್ಟಿಕೊಂಡಿದ್ದಳು.

ಆ ಕತೆ ಹೀಗೆ. ಮೊದಮೊದಲು ಮನುಷ್ಯನಿಗೆ ಪಾತ್ರೆ ಅಂತ ದೇವರು ಕೊಟ್ಟದ್ದು ಒಂದು ಬೊಗಸೆ ಮಾತ್ರ. ಹೊಳೆ ದೂರ, ಗುಡಿಸಲಲ್ಲಿ ಬಾಯಾರಿದ ಕೂಸು. ತಾಯಿ ಬೊಗಸೆಯಲ್ಲಿ ತಂದ ನೀರು ದಾರಿಯಲ್ಲೇ ಸೋರಿಹೋಗುತ್ತಿತ್ತು. ಬುಟ್ಟಿ ಹೆಣೆದಳು, ಸೋರಿತು. ಬುಟ್ಟಿಯ ಒಳಗೆಲ್ಲ ಕೆಸರು ಮೆತ್ತಿದಳು. ಕೆಸರು ನೀರಲ್ಲಿ ಕರಗಿತು. ಸಿಟ್ಟು ನೆತ್ತಿಗೇರಿ ಬುಟ್ಟಿಯನ್ನು ಒಲೆಗೆ ಎಸೆದು ಅತ್ತು ಮಲಗಿದಳು. ಬೆಳಗ್ಗೆ ನೋಡುತ್ತಾಳೆ, ಬುಟ್ಟಿ ಸುಟ್ಟು ಬೂದಿ. ಮಣ್ಣು ಮಾತ್ರ ಕಲ್ಲಾಗಿ ಕೂತಿದೆ, ಮೈಮೇಲೆ ಬುಟ್ಟಿಯ ಹೆಣಿಗೆಯ ಗುರುತು ಹೊತ್ತುಕೊಂಡು. ಅದೇ ಮೊದಲ ಮಡಕೆ. "ನೋಡು," ಅನ್ನುತ್ತಿದ್ದರು ಮಾವ, "ಆ ಮೇಲಿನವನು ನಮ್ಮ ಸಿಟ್ಟನ್ನೂ ದಂಡ ಮಾಡಲ್ಲ. ಅದರಿಂದಲೂ ಒಂದು ಮಡಕೆ ಮಾಡ್ಕೋತಾನೆ."

ಗುಡಾಣದ ಕೊರಳಿನ ನೇಯ್ಗೆ ಆ ಮೊದಲ ಬುಟ್ಟಿಯ ನೆನಪಿಗೆ ಮಾವ ಒತ್ತಿದ ಮನೆಯ ಗುರುತು ಅಂತ ಅವಳು ನಂಬಿದ್ದಳು. ಅವರು ಹೋದ ಮೇಲೆ, ಹಸಿಯಿರುವಾಗಲೇ ಪ್ರತಿ ಗಡಿಗೆಯ ಕೊರಳಿಗೂ ಒರಟು ಬಟ್ಟೆಯ ತುಂಡೊಂದನ್ನು ಒತ್ತತೊಡಗಿದಳು. ಕೊಳ್ಳುವವರು ಮೆಚ್ಚಿದರು. "ನೇಯ್ಗೆ ಗಡಿಗೆ ಕೊಡಿ" ಅಂತ ಕೇಳಿ ಬರುವವರೂ ಆದರು.

ಮೆಚ್ಚದವರು ಒಬ್ಬರೇ. ಅತ್ತೆ.

ಅತ್ತೆ ಹೊಸ್ತಿಲ ಪಕ್ಕದ ಮಣೆಯ ಮೇಲೆ ಕೂತು, ಅರೆ ಒಣಗಿದ ಗಡಿಗೆಗಳನ್ನು ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಎಪ್ಪತ್ತು ದಾಟಿದ ಕೈಗೆ ಸ್ವಲ್ಪ ನಡುಕ ಬಂದಿತ್ತು. ಕಲ್ಲು ಹಿಡಿದರೆ ಆ ನಡುಕ ಎಲ್ಲೋ ಅಡಗಿಬಿಡುತ್ತಿತ್ತು. ಸೊಸೆ ಒತ್ತಿದ ನೇಯ್ಗೆ ಅವರ ಕೈಗೆ ಸಿಕ್ಕರೆ ಮುಗಿಯಿತು, ಉಜ್ಜಿ ಉಜ್ಜಿ ಅಳಿಸಿಬಿಡುತ್ತಿದ್ದರು. ಇವಳು ಒತ್ತುವುದು, ಅವರು ಅಳಿಸುವುದು. ಹನ್ನೆರಡು ವರ್ಷ ನಡೆದ ಈ ಜಗಳದಲ್ಲಿ ಒಂದೇ ಒಂದು ಮಾತು ಖರ್ಚಾಗಿರಲಿಲ್ಲ. "ಅತ್ತೆಗೆ ನನ್ನ ಕೆಲಸ ಹಿಡಿಸಲ್ಲ, ದರ್ಜಿ ಮನೆಯವಳು ಅಂತ ತಾತ್ಸಾರ," ಅಂತ ಸೊಸೆ ಒಳಗೊಳಗೇ ಅಂದುಕೊಂಡಿದ್ದಳು. ಅತ್ತೆಯ ಮನಸ್ಸಲ್ಲಿ ಏನಿತ್ತೋ, ಕಲ್ಲಿಗೇ ಗೊತ್ತು.

ಮುಚ್ಚಳದ ಸುದ್ದಿ ಕೇಳಿದಾಗಲೂ ಅತ್ತೆ ಕೈ ನಿಲ್ಲಿಸಲಿಲ್ಲ. "ಹೋಗಲಿ ಬಿಡು. ಗಿಡ ಹಾಕಿಕೊಳ್ಳಲಿ. ಆ ಗುಡಾಣಕ್ಕೂ ಸಾಕಾಗಿರುತ್ತೆ."

"ತಳಕ್ಕೆ ತೂತು ಕೊರೀತಾರಂತೆ ಅತ್ತೆ! ಮಾವ ಮಾಡಿದ್ದಕ್ಕೆ!"

"ಮಾಡಿದವರೇ ಹೋದರು," ಅಂದರು ಅತ್ತೆ. ಅಷ್ಟೇ. ಅವರು ಆ ಆಸ್ಪತ್ರೆಗೆ ಕಾಲಿಟ್ಟದ್ದನ್ನೇ ಯಾರೂ ಕಂಡಿರಲಿಲ್ಲ. ಜ್ವರ ಬಂದರೆ ಎರಡು ಬೀದಿ ಆಚೆಯ ಕಾಂಪೌಂಡರ ಮನೆಗೇ ಹೋಗುತ್ತಿದ್ದರು.

ಸೊಸೆ ಅಪ್ಪನ ಕಾಲದ ಅಳತೆ ಟೇಪು ತೆಗೆದುಕೊಂಡು ಹೋಗಿ ಗುಡಾಣದ ಬಾಯಿ ಅಳೆದಳು. ಈ ಅಂಚಿನಿಂದ ಆ ಅಂಚಿಗೆ ಹದಿನಾಲ್ಕು ಇಂಚು. ಅವರ ಕೆರೆಯ ಮಣ್ಣು ಒಣಗಿ ಬೇಯುವಷ್ಟರಲ್ಲಿ ಎಂಟರಲ್ಲಿ ಒಂದು ಪಾಲು ಕುಗ್ಗುತ್ತದೆ. ಹಾಗಾಗಿ ಬೆಂದ ಮೇಲೆ ಹದಿನಾಲ್ಕು ಇಂಚು ಬೇಕಾದರೆ ಹಸಿಯಲ್ಲಿ ಹದಿನಾರು ಇಂಚು ಇರಬೇಕು. ಇದು ಆ ಬೀದಿಯ ಕೂಸಿಗೂ ಗೊತ್ತಿರುವ ಲೆಕ್ಕ. ಗುಡಾಣದ ಮುಚ್ಚಳ ಅಂದರೆ ತಟ್ಟೆಯಲ್ಲ, ಬೋರಲು ಹಾಕಿದ ಆಳದ ಬೋಗುಣಿ. ಅದರ ಅಂಚು ಗುಡಾಣದ ಬಾಯಿಯೊಳಗೆ ಇಳಿದು ಕೂರಬೇಕು. ಒಂದಕ್ಕೆರಡು ಇರಲಿ ಅಂತ ಲೆಕ್ಕಕ್ಕೆ ಸರಿಯಾಗಿ ಒಂದು, ಅರ್ಧ ಬೆರಳು ಚಿಕ್ಕದಾಗಿ ಇನ್ನೊಂದು ಮಾಡಿದಳು. ನೆರಳಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಟ್ಟು, ಆರಿಸಿ, ಹನ್ನೆರಡನೆಯ ದಿನ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಗಂಡನ ಗಾಡಿಯಲ್ಲಿ ಹೋದಳು.

ಮೊದಲನೆಯದು ಬಾಯಿಯೊಳಗೆ ಇಳಿಯಲೇ ಇಲ್ಲ. ಇಕ್ಕಟ್ಟಾದ ಟೋಪಿಯ ಹಾಗೆ ಮೇಲೆ ಕೂತು ಆಚೆಗೊಮ್ಮೆ ಈಚೆಗೊಮ್ಮೆ ತೂಗಿತು. ಎರಡನೆಯದು ಇಳಿಯಿತು, ಆದರೆ ಎರಡು ಪಕ್ಕದಲ್ಲೂ ಬೆರಳು ತೂರುವಷ್ಟು ಸಂದು.

"ಹಲ್ಲಿ ಏನು, ಹಲ್ಲಿಯ ನೆಂಟರೂ ಬರ್ಬೋದು," ಅಂದಳು ಆಯಾ, ಬಗ್ಗಿ ನೋಡಿ. "ಹಳೇ ಮುಚ್ಚಳಾನೂ ಹಾಗೇ ಹಟಮಾರಿ. ಎಲ್ಲಾ ಕಡೆ ಕೂರ್ತಿರಲಿಲ್ಲ. ತಿರುಗಿಸಿ ತಿರುಗಿಸಿ ಒಂದು ಕಡೆ ಬಂದಾಗ ಟಪ್ ಅಂತ ಕೂತ್ಕೊಳ್ಳೋದು."

ಆ ಮಾತು ಸೊಸೆಯ ಕಿವಿಯಲ್ಲಿ ಮುಳ್ಳಿನ ಹಾಗೆ ನೆಟ್ಟಿತು. ದುಂಡಗಿರುವ ಬಾಯಿಗೆ ಒಂದು ಕಡೆ, ಇನ್ನೊಂದು ಕಡೆ ಅಂತ ಇರುತ್ತದೆಯೇ? ಅವಳು ಹಳೆಯ ಪತ್ರಿಕೆಯ ಹಾಳೆಯೊಂದನ್ನು ಬೇಡಿ ತಗೊಂಡು ಗುಡಾಣದ ಬಾಯಿಗೆ ಹರಡಿ, ಅಂಚಿನ ಸುತ್ತ ಹೆಬ್ಬೆರಳು ಒತ್ತಿ ಗುರುತು ಮಾಡಿದಳು. ಆಸ್ಪತ್ರೆಯ ಕತ್ತರಿಯಿಂದ, ಅಪ್ಪ ಅಂಗಿಯ ಕಾಲರಿಗೆ ಕತ್ತರಿಸುತ್ತಿದ್ದ ಹಾಗೆ, ಗುರುತಿನ ಗುಂಟ ಕತ್ತರಿಸಿದಳು. ಮಧ್ಯಕ್ಕೆ ಮಡಚಿದಳು. ಬಿಚ್ಚಿ ಅಡ್ಡಕ್ಕೆ ಮಡಚಿದಳು. ಒಂದು ಉದ್ದ, ಇನ್ನೊಂದು ಗಿಡ್ಡ. ಒಂದು ಪಕ್ಕ ತುಂಬಿದ ಕೆನ್ನೆ, ಇನ್ನೊಂದು ಪಕ್ಕ ಒಳಗೆ ಎಳೆದುಕೊಂಡ ಕೆನ್ನೆ.

ಗುಡಾಣದ ಬಾಯಿ ಸೊಟ್ಟ ಇತ್ತು. ಸೊಗಸಾಗಿ, ಗುಟ್ಟಾಗಿ ಸೊಟ್ಟ. ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಗದಕ್ಕೆ ಕಂಡಿತು.

ಮನೆಗೆ ಬಂದವಳೇ ಆ ಕಾಗದವನ್ನು ಜಗಲಿಯ ಮೇಲೆ ಹರಡಿದಳು. ಅತ್ತೆ ಹೊಸ್ತಿಲ ಪಕ್ಕ ಗಡಿಗೆ ಉಜ್ಜುತ್ತಿದ್ದರು. ಗಂಡ ಗಾಡಿ ನಿಲ್ಲಿಸಿ ಬಂದು ಇಣುಕಿದ. ಅವನು ಗಡಿಗೆ ಮಾರಿ ಬರುವವನು, ಮಾಡುವವನಲ್ಲ. ಅವನ ಬಾಯಿಗೆ ಇರುವಷ್ಟು ಕೆಲಸ ಅವನ ಕೈಗೆ ಇರಲಿಲ್ಲ.

"ಏನೇ ಇದು? ದರ್ಜಿಗಳ ಮನೆ ಹುಡುಗಿ ಅಳತೇಲಿ ಸೋತಳಾ?"

"ನನ್ನ ಅಳತೆ ಸರೀನೇ ಇದೆ ರೀ. ಗುಡಾಣದ ಬಾಯೇ ದುಂಡಗಿಲ್ಲ. ನೋಡಿ."

ಅವನು ಕಾಗದವನ್ನು ಎತ್ತಿ ಮುಖಕ್ಕೆ ಹಿಡಿದು, ಅದರೊಳಗಿಂದ ನೋಡುವ ಹಾಗೆ ನಟಿಸಿದ. "ಅಯ್ಯೋ, ಹೌದಲ್ಲ! ಅಪ್ಪನ ಕೈ ತಪ್ಪೋದೇ ಇಲ್ಲ ಅಂತ ಇಡೀ ಬೀದಿ ಹೊಗಳ್ತಿತ್ತು. ಉಳಿದ ಒಂದೇ ಒಂದು ಗುಡಾಣ, ಅದರದೂ ಬಾಯಿ ಸೊಟ್ಟ! ಅವತ್ತು ಅಪ್ಪ ಯಾವ ಕಡೆ ನೋಡ್ಕೊಂಡು ತಿಗರಿ ತಿರುಗಿಸ್ತಿದ್ದರೋ ಏನೋ. ಕೈ ತಪ್ಪಿದೆ ಬಿಡು, ಒಪ್ಕೊಂಡುಬಿಡೋಣ."

ಕಲ್ಲು ಉಜ್ಜುವ ಸದ್ದು ನಿಂತಿತು. ಆ ಸದ್ದು ಹಗಲೆಲ್ಲ ಆ ಮನೆಯ ಉಸಿರಿನ ಹಾಗಿರುತ್ತಿತ್ತು. ಅದು ನಿಂತದ್ದಕ್ಕೆ ಇಬ್ಬರೂ ತಿರುಗಿ ನೋಡಿದರು.

"ಅವರ ಕೈ ತಪ್ಪಿಲ್ಲ," ಅಂದರು ಅತ್ತೆ. "ತಪ್ಪಿದ್ದು ನನ್ನ ಕೈ."

ಅತ್ತೆ ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಕಲ್ಲನ್ನು ಅದರ ಪಕ್ಕ ಇಟ್ಟು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಮದುವೆಯಾಗಿ ಆರು ತಿಂಗಳು ನನಗೆ. ಆಸ್ಪತ್ರೆ ಆಗ ಹೊಸದು, ಗುಡಾಣ ಬೇಕು ಅಂದಿದ್ದರು. ಅಷ್ಟು ದೊಡ್ಡದನ್ನ ಒಂದೇ ಸಲಕ್ಕೆ ಎತ್ತೋಕಾಗಲ್ಲ, ಗೊತ್ತಲ್ಲ ನಿನಗೆ. ಕೆಳಗಿನ ಅರ್ಧ ಬೇರೆ, ಮೇಲಿನ ಅರ್ಧ ಬೇರೆ. ಮೇಲಿನ ಅರ್ಧಾನ ತಿಗರಿಯಿಂದ ಬಿಡಿಸಿ, ಇಬ್ಬರು ಆಚೆ ಈಚೆ ಹಿಡಿದು, ಒಂದೇ ಉಸಿರಲ್ಲಿ ಎತ್ತಿ ಕೆಳಗಿನದರ ಮೇಲೆ ಕೂರಿಸಬೇಕು. ದಿನಾ ಹಿಡೀತಿದ್ದ ನಮ್ಮ ಮಾವನವರಿಗೆ ಅವತ್ತು ಬೆನ್ನು ಹಿಡಿದಿತ್ತು. ನಿನ್ನ ಮಾವ ನನ್ನ ಕರೆದರು. 'ಏನಿಲ್ಲ, ನೀನು ಸುಮ್ಮನೆ ಜೊತೆಗೆ ಬಾ, ಭಾರ ನಾನು ಹೊರ್ತೀನಿ' ಅಂದರು."

"ಆಮೇಲೆ?" ಅಂದಳು ಸೊಸೆ.

"ಆಮೇಲೇನು. ಎತ್ತಿದೆವು. ಒದ್ದೆ ಮಣ್ಣು ಕೈಯಲ್ಲಿ ಉಸಿರಾಡ್ತಾ ಇತ್ತು ಕಣೇ. ಬಿದ್ದೇ ಹೋಯ್ತು ಅನ್ನಿಸ್ತು ನನಗೆ. ಮಗು ಜಾರಿದ್ರೆ ಹೇಗೆ ಹಿಡೀತೀವಿ, ಹಾಗೆ ಎದೆಗೆ ಅವಚಿಕೊಂಡುಬಿಟ್ಟೆ." ಅತ್ತೆಯ ತೋಳುಗಳು ತಮಗೇ ಗೊತ್ತಿಲ್ಲದೆ ಎದ್ದು ಗಾಳಿಯನ್ನು ಅವಚಿಕೊಂಡವು. "ಬಾಯಿ ನನ್ನ ಕಡೆ ಅಮುಕಿಹೋಯ್ತು. ನಾನು ಅಳೋಕೆ ಶುರು ಮಾಡಿದೆ. ಅವರು ನೋಡಿದರು. 'ಬಾಯಿ ಅಂದಮೇಲೆ ಒಂಚೂರು ಸೊಟ್ಟ ಇರಲೇಬೇಕು, ನಮ್ಮಪ್ಪನ ಬಾಯಿ ನೋಡಿಲ್ವಾ' ಅಂದರು. ಅಳೋ ಹೊತ್ತಲ್ಲಿ ನಗಿಸಿದರು. ತಿದ್ದೋಕೆ ಹೋಗಲಿಲ್ಲ. ಮುಚ್ಚಳ ಮಾಡಿ, ಹಸಿಯಲ್ಲೇ ಆ ಬಾಯಿ ಮೇಲೆ ಕೂರಿಸಿ, ಎರಡನ್ನೂ ಜೊತೆಗೇ ಒಣಗಿಸಿ ಜೊತೆಗೇ ಸುಟ್ಟರು. ಇದು ಹೇಗೆ ಸೊಟ್ಟ ಇತ್ತೋ ಅದೂ ಹಾಗೇ ಸೊಟ್ಟ ಆಯ್ತು. ಹಾಗಾಗಿ ಹೊಂದಿಕೊಳ್ತು."

"ತಾತ ಏನೂ ಅನ್ನಲಿಲ್ವಾ?" ಮಗನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಬಿಡ್ತಾರಾ? ಆವಿಗೆ ತೆಗೆದಾಗ ಅವರಿಗೆ ಕಂಡೇ ಕಾಣ್ತು. ಯಾರು ಮಾಡಿದ್ದು ಇದು ಅಂದರು. 'ಆವಿಗೆ ಎಳೀತು ಅಪ್ಪ, ಉರಿ ಒಂದು ಕಡೆ ಜಾಸ್ತಿ ಆಯ್ತು, ನಂದೇ ತಪ್ಪು' ಅಂದರು ಇವರು. ವರ್ಷಗಟ್ಟಲೆ ಆಡಿಕೊಂಡರು ಮಾವನವರು. ಉರಿ ಹಾಕೋಕೆ ಬರದವನು, ಉರಿ ಹಾಕೋಕೆ ಬರದವನು ಅಂತ, ಬಂದವರ ಮುಂದೆಲ್ಲ. ಇವರು ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಲವತ್ತಾರು ವರ್ಷ ಆಯ್ತು." ಅತ್ತೆ ತಲೆಯೆತ್ತಿ ಸೊಸೆಯನ್ನು ನೋಡಿದರು. "ನಿನಗೆ ಮಾತ್ರ ಹೇಳಿ ಹೋಗಿದ್ದಾರೆ ಅಂದ್ಕೊಂಡಿದ್ದೆ."

"ನನಗೆ? ನನಗೇನೂ ಹೇಳಿಲ್ಲ ಅತ್ತೆ!"

"ಮತ್ತೆ ಆ ನೇಯ್ಗೆ ಯಾಕೆ ಒತ್ತುತ್ತೀಯ?"

ಸೊಸೆ ಅತ್ತೆಯ ಮುಂದೆ ಬಂದು ಕೂತಳು.

"ಅದು ನಾನು ಅವತ್ತು ಎದೆಗೆ ಕಟ್ಟಿಕೊಂಡಿದ್ದ ಗೋಣಿಬಟ್ಟೆ ಕಣೇ. ಅವಚಿಕೊಂಡಾಗ ಅದರ ಗುರುತು ಕೊರಳಿಗೆ ಹತ್ತಿಬಿಡ್ತು. ಒದ್ದೆ ಕೈಯಲ್ಲಿ ಒರೆಸಿಬಿಡಿ ಅಂತ ಬೇಡಿಕೊಂಡೆ. 'ಬಾಯಂತೂ ಸೊಟ್ಟ ಆಯ್ತು, ಕೊರಳಿಗಾದ್ರೂ ಏನಾದ್ರೂ ಇರಲಿ' ಅಂದರು. ಅವರು ಹೋದ ತಿಂಗಳೇ ನೀನು ಗಡಿಗೆಗೆಲ್ಲ ಗೋಣಿಬಟ್ಟೆ ಒತ್ತೋಕೆ ಶುರು ಮಾಡಿದೆ. ಬೇಕಂತಲೇ ಮಾಡ್ತಿದ್ದಾಳೆ, ನನ್ನ ತಪ್ಪನ್ನ ದಿನಾ ನನ್ನ ಕೈಗೇ ಕೊಟ್ಟು ಉಜ್ಜಿಸ್ತಿದ್ದಾಳೆ ಅಂತ..."

"ನಾನು ಬುಟ್ಟಿ ಅಂದ್ಕೊಂಡೆ ಅತ್ತೆ!" ಸೊಸೆ ಕೂಗಿಯೇಬಿಟ್ಟಳು. "ಮೊದಲ ಮಡಕೆ ಬುಟ್ಟಿ! ಮಾವ ಹೇಳ್ತಿದ್ದ ಕತೆ! ಮನೆತನದ ಗುರುತು ಅಂದ್ಕೊಂಡೆ!"

ಹನ್ನೆರಡು ವರ್ಷದಲ್ಲಿ ಎಷ್ಟು ಸಾವಿರ ಗಡಿಗೆ! ಎಷ್ಟು ಅಡುಗೆಮನೆಗಳಲ್ಲಿ ಅತ್ತೆಯ ಎದೆಯ ಗೋಣಿಬಟ್ಟೆಯ ಗುರುತು ನೀರು ಕಾಯುತ್ತ ಕೂತಿದೆಯೋ! ಗಂಡ ಮೊದಲು ನಕ್ಕ. ಆಮೇಲೆ ಸೊಸೆಗೂ ತಡೆಯಲಾಗಲಿಲ್ಲ. ನಗುತ್ತಲೇ ಅವಳ ಕಣ್ಣು ತುಂಬಿತು. ಅತ್ತೆ ಇಬ್ಬರನ್ನೂ ಗುರಾಯಿಸಿದರು. "ನಗ್ರಿ ನಗ್ರಿ. ದರ್ಜಿ ಮಗಳಂತೆ. ಬುಟ್ಟಿ ಯಾವುದು, ಗೋಣಿ ಯಾವುದು ಗೊತ್ತಾಗಲಿಲ್ಲ." ಹಾಗಂದವರ ತುಟಿಯ ಕೊನೆಯೂ ಒಂದು ಪಕ್ಕಕ್ಕೆ ಸೊಟ್ಟಗಾಯಿತು.

ಮಾರನೆಯ ಬೆಳಗ್ಗೆ ಸೊಸೆ ಕೆಲಸಕ್ಕೆ ಕೂತಳು. ಕಾಗದದ ಅಳತೆಯನ್ನು ದರ್ಜಿಗಳು ದೊಡ್ಡ ಮೈಗೆ ಅಂಗಿ ಹಿಗ್ಗಿಸುವ ಹಾಗೆ ಸುತ್ತಲೂ ಹಿಗ್ಗಿಸಿ ಇನ್ನೊಂದು ಕಾಗದ ಕತ್ತರಿಸಿಕೊಂಡಳು. ಬೆಂದ ಮೇಲೆ ಕುಗ್ಗುವುದಕ್ಕೆ ಅಷ್ಟು ಬೇಕು. ತಿಗರಿಯಲ್ಲಿ ದುಂಡನೆಯ ಮುಚ್ಚಳ ಎತ್ತಿ, ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ಕಾಗದಕ್ಕೆ ಹೊಂದಿಸಿದಳು. ಸಂಜೆಯ ಹೊತ್ತಿಗೆ ಅದು ಮತ್ತೆ ದುಂಡಗಾಗಲು ನೋಡುತ್ತಿತ್ತು; ಬೆರಳು ಒತ್ತಿದಲ್ಲೆಲ್ಲ ನಾಯಿಯ ಕಿವಿಯ ಹಾಗೆ ಮಡಿಕೆ.

ಅತ್ತೆ ಬಂದು ನಿಂತು ನೋಡಿದರು. "ಬೆರಳಲ್ಲಿ ಆಗಲ್ಲ. ಮಣ್ಣಿಗೆ ನೆನಪಿರುತ್ತೆ. ತಿಗರಿ ಅದಕ್ಕೆ ದುಂಡಗಿರು ಅಂತ ಹೇಳಿಕೊಟ್ಟಿದೆ. ಬೆರಳಿನ ಮಾತು ಕೇಳಲ್ಲ ಅದು."

"ಮತ್ತೆ ಏನು ಮಾಡಲಿ?"

"ಇನ್ನೊಂದು ಮಾಡು," ಅಂದರು ಅತ್ತೆ. ಒಳಗೆ ಹೋಗಿ, ಮಣ್ಣಿನ ಮೂಟೆಗೆ ಹೊದಿಸಿದ್ದ ಗೋಣಿಬಟ್ಟೆಯನ್ನು ಕೊಡವಿ, ಎದೆಗೆ ಕಟ್ಟಿಕೊಂಡು ಬಂದರು.

ಮೂರು ಮುಚ್ಚಳ ಮಾಡಿದರು. ಸೊಸೆ ತಿಗರಿಯಲ್ಲಿ ಎತ್ತುವುದು, ನೂಲಿನಿಂದ ಬಿಡಿಸುವುದು, ಇಬ್ಬರೂ ಆಚೆ ಈಚೆ ನಿಂತು ಒಂದೇ ಉಸಿರಲ್ಲಿ ಎತ್ತುವುದು. ಮೊದಲ ಸಲ ಅತ್ತೆಗೆ ಹೆದರಿಕೆ. ತಾಗಿಯೂ ತಾಗದ ಹಾಗೆ ಹಿಡಿದರು. ದುಂಡಗೇ ಉಳಿಯಿತು. ಎರಡನೆಯದನ್ನು ಹಿಡಿದ ಹಿಡಿತಕ್ಕೆ ಅದು ಎರಡೂ ಕಡೆ ಚೂಪಾಯಿತು.

"ಇದರಲ್ಲಿ ಹೊಳೆ ದಾಟಬಹುದು ಅಮ್ಮ," ಅಂದ ಬಾಗಿಲಲ್ಲಿ ನಿಂತಿದ್ದ ಮಗ. "ಒಂದು ಸಲ ನಾನೂ ಅವಚಿಕೊಳ್ಳಲಾ?"

"ನೀನು ಹಿಡಿದ್ರೆ ಮುಚ್ಚಳ ಹೋಗಿ ಮಣೆ ಆಗುತ್ತೆ. ಗಾಡಿ ಒರೆಸು ಹೋಗು."

ಮೂರನೆಯದಕ್ಕೆ ಅತ್ತೆ ಕಣ್ಣು ಮುಚ್ಚಿಕೊಂಡರು. ಎತ್ತಿದರು. ಸೊಸೆಯ ಕೈಯಲ್ಲಿ ಒದ್ದೆ ಮಣ್ಣು ಒಮ್ಮೆ ಉಸಿರೆಳೆದ ಹಾಗಾಯಿತು. ಅವಳಿಗೇ ತಿಳಿಯದೆ, "ಅತ್ತೆ, ಬೀಳುತ್ತೆ!" ಅಂದಳು. ಅತ್ತೆಯ ಎರಡೂ ತೋಳು ತಾವಾಗಿ ಮುಂದೆ ಬಂದು ಮುಚ್ಚಳವನ್ನು ಎದೆಗೆ ತಂದುಕೊಂಡವು. ನಡುಗುವ ಕೈಗಳವು, ಆ ಗಳಿಗೆಯಲ್ಲಿ ನಡುಗಲಿಲ್ಲ.

ಹಲಗೆಯ ಮೇಲಿಟ್ಟು, ಕಾಗದವನ್ನು ಅದರ ಮೇಲೆ ಹಾಕಿದಳು ಸೊಸೆ. ಒಂದು ನೂಲಿನಷ್ಟು ಆಚೆ ಈಚೆ, ಅಷ್ಟೇ. ಮುಚ್ಚಳದ ಪಕ್ಕಕ್ಕೆ ಗೋಣಿಬಟ್ಟೆಯ ನೇಯ್ಗೆ ಅಂಗೈ ಅಗಲ ಹತ್ತಿತ್ತು. ಅವಳು ಒದ್ದೆ ಬಟ್ಟೆ ಎತ್ತಿಕೊಂಡು ಅತ್ತೆಯ ಮುಖ ನೋಡಿದಳು. ಒರೆಸಲಾ ಅಂತ ಕೇಳುವ ನೋಟ.

"ಇರಲಿ," ಅಂದರು ಅತ್ತೆ.

ಎಂಟು ದಿನ ನೆರಳಲ್ಲಿ ಒಣಗಿಸಿದರು. ಆವಿಗೆಗೆ ಕೊಳ್ಳಿ ಇಟ್ಟ ಬೆಳಗ್ಗೆ ಅತ್ತೆ ಅದರ ಮುಂದೆ ನಿಂತು ಕೈಮುಗಿದರು. "ಮಣ್ಣು ನಿನ್ನದು, ನೀರು ನಿನ್ನದು, ಬೆಂಕಿ ನಿನ್ನದು. ಕೈ ಮಾತ್ರ ನಮ್ಮದು. ಕೈಯ ತಪ್ಪನ್ನ ಹೊಟ್ಟೆಗೆ ಹಾಕ್ಕೋ ತಂದೆ." ಉರಿಯನ್ನು ಅವರೇ ನೋಡಿಕೊಂಡರು, ಒಂದು ಕಡೆಯೂ ಹೆಚ್ಚಾಗಲಿಲ್ಲ. ಆರಿದ ಮೇಲೆ ಬೂದಿ ಸರಿಸಿದರೆ, ದೋಣಿಯಂತಾಗಿದ್ದ ಎರಡನೆಯದು ನಡುವೆ ಸೀಳಿತ್ತು. ಮೂರನೆಯದು ಇಡಿಯಾಗಿತ್ತು. ತಟ್ಟಿದರೆ ಗಂಟೆಯ ಹಾಗೆ ನುಡಿಯಿತು.

ತಿಂಗಳ ಕೊನೆಯ ದಿನ ಆಸ್ಪತ್ರೆಯೆಲ್ಲ ಹಸಿ ಸುಣ್ಣದ ವಾಸನೆ. ಸ್ಟೀಲ್ ಡ್ರಮ್ಮು ಮೈಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತಿತ್ತು. ಕಟ್ಟೆ ಒಡೆದು ಗುಡಾಣ ಬಿಡಿಸಿ ತಳ ಕೊರೆಯಲು ಬಂದಿದ್ದ ಗಾರೆಯವನು, ಕೊರೆಯುವ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಅತ್ತೆ ಬಾಗಿಲಲ್ಲೇ ನಿಂತರು. ನಲವತ್ತಾರು ವರ್ಷದ ಮೇಲೆ ಗುಡಾಣವನ್ನು ಅವರು ನೋಡಿದರು.

"ಇಷ್ಟು ಚಿಕ್ಕದಾ!" ಅಂದರು. "ನನ್ನ ನೆನಪಲ್ಲಿ ಮನೆಯಷ್ಟು ದೊಡ್ಡದಿತ್ತು."

ಸೊಸೆ ಮುಚ್ಚಳ ಇಟ್ಟಳು. ಕೂರಲಿಲ್ಲ. ಸ್ವಲ್ಪ ತಿರುಗಿಸಿದಳು. ಕೂರಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದಳು. ಎಲ್ಲೋ ಕಚ್ಚಿಕೊಂಡು ನಿಂತಿತು. ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. ಗಾರೆಯವನು ಎದ್ದು ನಿಂತು ಯಂತ್ರದ ವೈರು ಬಿಡಿಸತೊಡಗಿದ.

"ಸುಮ್ಮನೆ ತಿರುಗಿಸ್ತಾ ಹೋದ್ರೆ ಆಯ್ತಾ?" ಅತ್ತೆ ಮುಂದೆ ಬಂದರು. "ಸರಿ ಆಚೆ." ಗುಡಾಣದ ಕೊರಳ ಮೇಲೆ ಬೆರಳಾಡಿಸಿ, ಕಿಟಕಿಯ ಕಡೆಗಿದ್ದ ನೇಯ್ಗೆಯನ್ನು ಹುಡುಕಿದರು. ಆಮೇಲೆ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಅದರ ನೇಯ್ಗೆ ಇದರ ನೇಯ್ಗೆಯ ನೇರಕ್ಕೆ ಬರುವ ಹಾಗೆ ಹಿಡಿದು, ಮೆಲ್ಲಗೆ ಇಳಿಸಿದರು. ಒಂದು ಪಕ್ಕ ಕೂದಲೆಳೆಯಷ್ಟು ತಡೆಯಿತು. ಸೆರಗಿನ ತುದಿಗೆ ಕಟ್ಟಿ ತಂದಿದ್ದ ಚಿಟಿಕೆ ಮರಳನ್ನು ಅಲ್ಲಿಗೆ ಉದುರಿಸಿ, ಮುಚ್ಚಳವನ್ನು ಅತ್ತಿತ್ತ ಒಂದೊಂದು ನೂಲು ಅಲ್ಲಾಡಿಸಿ ತಿಕ್ಕಿದರು. ಎತ್ತಿದರು, ಮರಳು ಒರೆಸಿದರು, ಇಳಿಸಿದರು.

ಟಪ್ ಅಂದಿತು.

"ಇದೇ ಸದ್ದು!" ಅಂದಳು ಆಯಾ, ಕಳೆದುಹೋದ ಕರು ಸಿಕ್ಕವಳ ಹಾಗೆ.

ಡಾಕ್ಟರಮ್ಮ ಮೇಜಿನ ಮೇಲಿದ್ದ ಚೀಟಿಯೊಂದನ್ನು ತೆಗೆದುಕೊಂಡು ಬಂದು, ಬಾಯಿಯ ಸುತ್ತ ಎಲ್ಲಾದರೂ ತೂರುತ್ತದೆಯೇ ಅಂತ ನೋಡಿದರು. ಒಂದು ಸುತ್ತು ಬಂದರು. ಚೀಟಿಯ ಅಂಚು ಮುದುರಿತು, ತೂರಲಿಲ್ಲ. "ಆ ಡ್ರಮ್ಮನ್ನ ಬಟ್ಟೆ ಒಗೆಯೋ ಕೋಣೆಗೆ ಹಾಕಿ," ಅಂದರು ಆಯಾಳಿಗೆ.

"ಹಾಗಾದ್ರೆ ನನಗೆ ಕೆಲಸ ಇಲ್ವಾ?" ಅಂದ ಗಾರೆಯವನು.

"ಇದೆಯಪ್ಪ. ನೀರು ಕುಡಿದು ಹೋಗು."

ಆಯಾ ಗುಡಾಣವನ್ನು ತೊಳೆದು ನೀರು ತುಂಬಿದಳು. ತಣ್ಣಗಾಗುವವರೆಗೆ ಎಲ್ಲರೂ ಕಾದರು. ಮೊದಲ ಲೋಟವನ್ನು ಸೊಸೆ ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಲೋಟವನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಒಂದೇ ಸಲಕ್ಕೆ ಕುಡಿದರು. ಒರೆಸಿಕೊಳ್ಳದ ತುಟಿಯಲ್ಲೇ ಇನ್ನೊಂದು ಲೋಟ ಕೇಳಿದರು.

ಮರುದಿನ ಸೊಸೆ ಎಂದಿನ ಹಾಗೆ ತಿಗರಿಗೆ ಕೂತು ಮೂರು ಗಡಿಗೆ ಎತ್ತಿದಳು. ಕೊರಳಿಗೆ ಒತ್ತುವ ಗೋಣಿಬಟ್ಟೆಯ ತುಂಡು ಮೊಳೆಯಲ್ಲಿ ತೂಗುತ್ತಿತ್ತು; ಅವಳು ಅದನ್ನು ಮುಟ್ಟಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಕಲ್ಲು ಉಜ್ಜುವ ಸದ್ದು ನಡೆದಿತ್ತು, ಸ್ವಲ್ಪ ಹೊತ್ತಿಗೆ ನಿಂತಿತು.

"ಏನೇ," ಅಂದರು ಅತ್ತೆ, ಅಲ್ಲಿಂದಲೇ. "ಯಾಕೆ ಅವುಗಳ ಕೊರಳು ಬೋಳಾಗಿದೆ?"